ಓವೆಚ್ಕಿನ್: ಗೋಲಿಗೆ ಲೆಕ್ಕವುಂಟು, ಮೌನಕ್ಕೆ ಉಂಟೇ?

2025ರ ಏಪ್ರಿಲ್ 6ರಂದು ನ್ಯೂಯಾರ್ಕ್ ನಗರದ ಅಂಚಿನಲ್ಲಿರುವ ಯುಬಿಎಸ್ ಅರೇನಾದಲ್ಲಿ ಐಸ್ ಹಾಕಿ ಪಂದ್ಯವೊಂದನ್ನು ನಡುವೆಯೇ ನಿಲ್ಲಿಸಲಾಯಿತು. ಯಾರಿಗೂ ಗಾಯವಾಗಿರಲಿಲ್ಲ, ಆಟಗಾರರ ನಡುವೆ ಜಗಳವೂ ನಡೆದಿರಲಿಲ್ಲ. ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ನಾಯಕ ಅಲೆಕ್ಸಾಂಡರ್ ಓವೆಚ್ಕಿನ್ ಆಗಷ್ಟೇ ಗೋಲು ಹೊಡೆದು, ಮಂಜುಗಡ್ಡೆಯ ಮೇಲೆ ಎದೆಯೂರಿ ಜಾರಿದ್ದರು. ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನಲ್ಲಿ ಅದು ಅವರ 895ನೇ ಗೋಲು. ಕೆನಡಾದ ವೇಯ್ನ್ ಗ್ರೆಟ್ಸ್‌ಕಿ 1999ರಲ್ಲಿ ನಿವೃತ್ತರಾದಾಗ ಉಳಿಸಿಹೋಗಿದ್ದ 894 ಗೋಲುಗಳ ದಾಖಲೆ ಅಲ್ಲಿಗೆ ಹಿಂದೆ ಬಿತ್ತು. ಕ್ರೀಡಾಂಗಣದಲ್ಲೇ ಇದ್ದ ಗ್ರೆಟ್ಸ್‌ಕಿ ಕೆಳಗಿಳಿದು ಬಂದು ಹೊಸ ದಾಖಲೆಕಾರನನ್ನು ಅಭಿನಂದಿಸಿದರು.

ಗೋಲು ಬಿಟ್ಟುಕೊಟ್ಟ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ಗೋಲ್‌ಕೀಪರ್ ಇಲ್ಯಾ ಸೊರೊಕಿನ್ ಕೂಡ ರಷ್ಯನ್ನರೇ. ಮಾಸ್ಕೋದಿಂದ ಅಧ್ಯಕ್ಷ ವ್ಲಾದಿಮಿರ್ ಪುಟಿನ್ ಅವರ ಅಭಿನಂದನೆಯೂ ಬಂತು. ಆದರೆ ಅದೇ ಹೊತ್ತಿಗೆ ರಷ್ಯಾದ ರಾಷ್ಟ್ರೀಯ ತಂಡಕ್ಕೆ ವಿಶ್ವ ಐಸ್ ಹಾಕಿಯ ಬಾಗಿಲು ಮುಚ್ಚಿ ಮೂರು ವರ್ಷ ಕಳೆದಿತ್ತು. ಆಟಗಾರನಿಗೆ ಚಪ್ಪಾಳೆ, ಆತನ ದೇಶಕ್ಕೆ ಬಹಿಷ್ಕಾರ. ಓವೆಚ್ಕಿನ್ ಅವರ ಎರಡು ದಶಕಗಳ ವೃತ್ತಿಜೀವನದ ಮುಖ್ಯ ಪ್ರಶ್ನೆ ಈ ವೈರುಧ್ಯದಲ್ಲೇ ಅಡಗಿದೆ.

ಮಾಸ್ಕೋದಿಂದ ವಾಷಿಂಗ್ಟನ್‌ಗೆ

ಹಾಕಿ ಎಂದೊಡನೆ ಕನ್ನಡಿಗರ ಕಣ್ಣೆದುರು ಬರುವುದು ಕೊಡಗಿನ ಮೈದಾನ. ಐಸ್ ಹಾಕಿಯ ಜಗತ್ತೇ ಬೇರೆ. ಕಾಲಿಗೆ ಸ್ಕೇಟ್ ಕಟ್ಟಿಕೊಂಡ ತಲಾ ಆರು ಮಂದಿ ಮಂಜುಗಡ್ಡೆಯ ಅಂಗಳದಲ್ಲಿ, ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರ್ ಬಿಲ್ಲೆಗಾಗಿ ಸೆಣಸುತ್ತಾರೆ. ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆಯುವುದಕ್ಕೂ ನಿಯಮದ ಸಮ್ಮತಿಯಿದೆ. ಅಮೆರಿಕ ಹಾಗೂ ಕೆನಡಾದ 32 ತಂಡಗಳಿರುವ ಎನ್‌ಎಚ್‌ಎಲ್ ಈ ಆಟದ ಅತಿ ದೊಡ್ಡ ವೃತ್ತಿಪರ ಲೀಗ್.

ಓವೆಚ್ಕಿನ್ ಜನಿಸಿದ್ದು 1985ರ ಸೆಪ್ಟೆಂಬರ್ 17ರಂದು, ಮಾಸ್ಕೋದಲ್ಲಿ. ತಾಯಿ ತತ್ಯಾನಾ ಸೋವಿಯತ್ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ 1976 ಮತ್ತು 1980ರ ಒಲಿಂಪಿಕ್ಸ್ ಚಿನ್ನ ಗೆದ್ದವರು. ತಂದೆ ಮಿಖಾಯಿಲ್ ಫುಟ್‌ಬಾಲ್ ಆಡಿದವರು. ತಮ್ಮನನ್ನು ಹಾಕಿಗೆ ಹುರಿದುಂಬಿಸಿದ ಅಣ್ಣ ಸೆರ್ಗೈ, ಅಲೆಕ್ಸಾಂಡರ್‌ಗೆ ಹತ್ತು ವರ್ಷವಾಗಿದ್ದಾಗ ಕಾರು ಅಪಘಾತದ ನಂತರ ತೀರಿಕೊಂಡರು. ಹದಿನಾರರ ವಯಸ್ಸಿಗೇ ಈ ಹುಡುಗ ಡೈನಮೊ ಮಾಸ್ಕೋ ಕ್ಲಬ್‌ನ ಹಿರಿಯರ ತಂಡದಲ್ಲಿದ್ದ.

ಹೊಸ ಆಟಗಾರರನ್ನು ತಂಡಗಳಿಗೆ ಹಂಚುವ 2004ರ ‘ಡ್ರಾಫ್ಟ್’ನಲ್ಲಿ ಮೊದಲ ಆಯ್ಕೆಯ ಅವಕಾಶ ಪಡೆದಿದ್ದ ವಾಷಿಂಗ್ಟನ್ ಅವರನ್ನೇ ಆರಿಸಿತು. ಆದರೆ ಸಂಬಳದ ಮಿತಿ ಕುರಿತು ಮಾಲೀಕರು ಮತ್ತು ಆಟಗಾರರ ಸಂಘದ ನಡುವೆ ಎದ್ದ ವಿವಾದದಿಂದಾಗಿ 2004-05ರ ಇಡೀ ಋತು ರದ್ದಾಯಿತು. 2005ರ ಅಕ್ಟೋಬರ್ 5ರಂದು ಕೊಲಂಬಸ್ ಬ್ಲೂ ಜಾಕೆಟ್ಸ್ ವಿರುದ್ಧ ಆಡಿದ ಮೊದಲ ಪಂದ್ಯದಲ್ಲೇ ಓವೆಚ್ಕಿನ್ ಎರಡು ಗೋಲು ಹೊಡೆದರು. ಚೊಚ್ಚಲ ಋತುವಿನ ಗಳಿಕೆ 52 ಗೋಲು.

ಅದೇ ಋತುವಿನಲ್ಲಿ, 2006ರ ಜನವರಿ 16ರಂದು, ಫೀನಿಕ್ಸ್ ಕಯೋಟೀಸ್ ವಿರುದ್ಧ ಮಂಜುಗಡ್ಡೆಯ ಮೇಲೆ ಬೆನ್ನುಮೇಲಾಗಿ ಉರುಳುತ್ತಲೇ ಅವರು ಹೊಡೆದ ಗೋಲು ಅಭಿಮಾನಿಗಳ ನೆನಪಿನಲ್ಲಿ ಉಳಿದಿದೆ. ಅಂದು ಎದುರಾಳಿ ತಂಡದ ಕೋಚ್ ಆಗಿ ಅಂಗಳದ ಬದಿಯಲ್ಲಿ ನಿಂತಿದ್ದವರು ಬೇರಾರೂ ಅಲ್ಲ, ಗ್ರೆಟ್ಸ್‌ಕಿ.

ದಾಖಲೆಯ ತೂಕ

ಈ ದಾಖಲೆಯ ಮಹತ್ವ ಅರಿಯಬೇಕಾದರೆ ಎರಡು ಕಾಲಘಟ್ಟಗಳನ್ನು ಹೋಲಿಸಬೇಕು. ಗ್ರೆಟ್ಸ್‌ಕಿ ಮೆರೆದ 1980ರ ದಶಕದ ಆರಂಭದಲ್ಲಿ ಪ್ರತಿ ಪಂದ್ಯಕ್ಕೆ ಎರಡೂ ತಂಡಗಳಿಂದ ಸರಾಸರಿ ಎಂಟರಷ್ಟು ಗೋಲುಗಳು ಬರುತ್ತಿದ್ದವು. 1981-82ರ ಒಂದೇ ಋತುವಿನಲ್ಲಿ ಅವರು 92 ಗೋಲು ಹೊಡೆದಿದ್ದರು. ಓವೆಚ್ಕಿನ್ ಕಾಲಕ್ಕೆ ಗೋಲ್‌ಕೀಪರ್‌ಗಳ ತರಬೇತಿ, ರಕ್ಷಣಾ ತಂತ್ರ ಎಲ್ಲವೂ ಬಿಗಿಯಾಗಿ, ಆ ಸರಾಸರಿ ಆರರ ಆಸುಪಾಸಿಗೆ ಇಳಿದಿತ್ತು.

ಕಳೆದುಹೋದ ಪಂದ್ಯಗಳ ಲೆಕ್ಕವೂ ಇದೆ. 2004-05ರ ಋತು ಪೂರ್ತಿ ಹೋಯಿತು. 2012-13ರಲ್ಲಿ ಮತ್ತೊಂದು ವೇತನ ವಿವಾದದಿಂದ 82ರ ಬದಲು 48 ಪಂದ್ಯಗಳಷ್ಟೇ ನಡೆದವು. ಕೊರೊನಾ ಎರಡು ಋತುಗಳನ್ನು ಮೊಟಕುಗೊಳಿಸಿತು. ಒಟ್ಟಾರೆ ಒಂದೂವರೆ ನೂರಕ್ಕೂ ಹೆಚ್ಚು ಪಂದ್ಯಗಳು ಹೀಗೆ ಕೈತಪ್ಪಿದವು. ಹಾಗೆಂದು ಗ್ರೆಟ್ಸ್‌ಕಿಗೆ ಇಂಥ ನಷ್ಟವೇ ಆಗಲಿಲ್ಲ ಎನ್ನುವಂತಿಲ್ಲ. 1994-95ರ ವಿವಾದ ಅವರ ಋತುವನ್ನೂ ಕತ್ತರಿಸಿತ್ತು. ಕಾಕತಾಳೀಯವೆಂದರೆ, ಗ್ರೆಟ್ಸ್‌ಕಿ ಆಡಿದ್ದು ಒಟ್ಟು 1,487 ಪಂದ್ಯ. ಓವೆಚ್ಕಿನ್ ದಾಖಲೆ ಮುರಿದದ್ದೂ ತಮ್ಮ 1,487ನೇ ಪಂದ್ಯದಲ್ಲೇ.

ಅವರ ಆಟದಲ್ಲಿ ಗುಟ್ಟೇನೂ ಇರಲಿಲ್ಲ. ಎದುರಾಳಿಯೊಬ್ಬ ತಪ್ಪೆಸಗಿ ಹೊರಗೆ ಕುಳಿತಾಗ, ಅಂಗಳದ ಎಡ ವೃತ್ತದಲ್ಲಿ ನಿಂತು, ಬಂದ ಪಕ್ಕನ್ನು ತಡಮಾಡದೆ ಬೀಸಿ ಹೊಡೆಯುವುದು ಅವರ ಅಸ್ತ್ರ. ಎಲ್ಲ ತಂಡಗಳಿಗೂ ಅದು ಗೊತ್ತಿತ್ತು. ತಡೆಯಲು ಮಾತ್ರ ಆಗಲಿಲ್ಲ. 895ನೇ ಗೋಲು ಬಂದದ್ದೂ ಅಂಥದೇ ಸಂದರ್ಭದಲ್ಲಿ, ಅದೇ ಎಡಬದಿಯಿಂದ. ಒಂಬತ್ತು ಋತುಗಳಲ್ಲಿ ಲೀಗ್‌ನ ಅಗ್ರ ಗೋಲುಗಾರ, ಮೂರು ಬಾರಿ ಶ್ರೇಷ್ಠ ಆಟಗಾರ, 2018ರಲ್ಲಿ ವಾಷಿಂಗ್ಟನ್‌ಗೆ ಮೊತ್ತಮೊದಲ ಸ್ಟ್ಯಾನ್ಲಿ ಕಪ್. ದಾಖಲೆಯ ಋತುವಿನಲ್ಲಿ, 39ರ ವಯಸ್ಸಿನಲ್ಲಿ, ಕಾಲಿನ ಮೂಳೆ ಮುರಿದು 16 ಪಂದ್ಯ ತಪ್ಪಿಸಿಕೊಂಡರೂ 44 ಗೋಲು ಹೊಡೆದರು.

ಗ್ರೆಟ್ಸ್‌ಕಿಯ ಪಟ್ಟ ಇದರಿಂದ ಅಳಿಯದು. ಗೋಲು ಹೊಡೆಯಲು ಇತರರಿಗೆ ನೆರವಾದ ‘ಅಸಿಸ್ಟ್’ಗಳೇ ಅವರ ಖಾತೆಯಲ್ಲಿ 1,963 ಇವೆ. ಗೋಲು, ಅಸಿಸ್ಟ್ ಎರಡನ್ನೂ ಕೂಡಿಸಿದರೂ ಬೇರಾವ ಆಟಗಾರನೂ ಆ ಸಂಖ್ಯೆಯನ್ನು ಮುಟ್ಟಿಲ್ಲ.

ದಕ್ಕದ ಒಲಿಂಪಿಕ್ ಪದಕ

ಕ್ಲಬ್ ಮಟ್ಟದಲ್ಲಿ ಎಲ್ಲವನ್ನೂ ಪಡೆದ ಓವೆಚ್ಕಿನ್‌ಗೆ ದಕ್ಕದೆ ಹೋದದ್ದು, ತಾಯಿ ಎರಡು ಬಾರಿ ಗೆದ್ದ ಒಲಿಂಪಿಕ್ ಪದಕ. 2006ರ ಟ್ಯೂರಿನ್‌ನಲ್ಲಿ ರಷ್ಯಾ ನಾಲ್ಕನೇ ಸ್ಥಾನಕ್ಕೆ ನಿಂತಿತು. 2010ರ ವ್ಯಾಂಕೂವರ್‌ನಲ್ಲಿ ಕೆನಡಾ ಎದುರು 7-3ರಿಂದ ಕ್ವಾರ್ಟರ್ ಫೈನಲ್ ಸೋಲು. 2014ರಲ್ಲಿ ಸ್ವದೇಶದ ಸೋಚಿಯಲ್ಲೂ ಫಿನ್ಲೆಂಡ್ ಎದುರು ಅದೇ ಹಂತದಲ್ಲಿ ಮುಗ್ಗರಿಕೆ.

2018ರಲ್ಲಿ ಎನ್‌ಎಚ್‌ಎಲ್ ತನ್ನ ಆಟಗಾರರನ್ನು ಒಲಿಂಪಿಕ್ಸ್‌ಗೆ ಕಳುಹಿಸಲಿಲ್ಲ. ಉದ್ದೀಪನ ಮದ್ದು ಹಗರಣದಿಂದಾಗಿ ದೇಶದ ಹೆಸರು, ಧ್ವಜಗಳಿಲ್ಲದೆ ಸ್ಪರ್ಧಿಸಿದ ರಷ್ಯನ್ನರು ಆ ಸಲವೇ ಚಿನ್ನ ಗೆದ್ದರು. 2022ರಲ್ಲೂ ಎನ್‌ಎಚ್‌ಎಲ್ ಆಟಗಾರರು ಇರಲಿಲ್ಲ, ರಷ್ಯನ್ನರಿಗೆ ಬೆಳ್ಳಿ. 2026ರ ಮಿಲಾನ್ ಕೂಟಕ್ಕೆ ಎನ್‌ಎಚ್‌ಎಲ್ ಆಟಗಾರರು ಮರಳಿದಾಗ ಅಲ್ಲಿ ರಷ್ಯಾದ ತಂಡಕ್ಕೇ ಪ್ರವೇಶವಿರಲಿಲ್ಲ.

ಪುಟಿನ್ ಹೆಸರಿನ ತಂಡ

ದೇಶದ ಅಂಗಿ ತೊಡುವ ಕರೆಗೆ ಓವೆಚ್ಕಿನ್ ಎಂದೂ ಹಿಂದೆ ಸರಿದವರಲ್ಲ. 2008, 2012 ಮತ್ತು 2014ರ ವಿಶ್ವ ಚಾಂಪಿಯನ್‌ಷಿಪ್ ಚಿನ್ನ ಅದಕ್ಕೆ ಸಾಕ್ಷಿ. ಆದರೆ 2017ರ ನವೆಂಬರ್‌ನಲ್ಲಿ ಅವರು ಆಟದ ಗೆರೆ ದಾಟಿ, ಅಧ್ಯಕ್ಷರ ಬೆಂಬಲಕ್ಕೆ ‘ಪುಟಿನ್ ತಂಡ’ ಎಂಬ ಆಂದೋಲನವನ್ನೇ ಸಾಮಾಜಿಕ ಜಾಲತಾಣದಲ್ಲಿ ಘೋಷಿಸಿದರು. ಮರುವರ್ಷ ರಷ್ಯಾದಲ್ಲಿ ಅಧ್ಯಕ್ಷೀಯ ಚುನಾವಣೆಯಿತ್ತು.

2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ದಾಳಿ ಆರಂಭಿಸಿತು. ಮರುದಿನ ಓವೆಚ್ಕಿನ್ ಪತ್ರಕರ್ತರ ಮುಂದೆ ಯುದ್ಧ ಬೇಡವೆಂದರು, ಯಾರನ್ನೂ ಹೊಣೆಯಾಗಿಸಲಿಲ್ಲ. ಪುಟಿನ್ ತಮ್ಮ ಅಧ್ಯಕ್ಷರೆಂದೂ, ತಾವು ರಾಜಕಾರಣಿಯಲ್ಲ, ಕ್ರೀಡಾಪಟುವೆಂದೂ ಹೇಳಿದರು. ಜೆಕ್ ದೇಶದ ಪ್ರಖ್ಯಾತ ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್ ಇದನ್ನು ಕಟುವಾಗಿ ಖಂಡಿಸಿದ್ದಲ್ಲದೆ, ರಷ್ಯಾದ ಆಟಗಾರರ ಒಪ್ಪಂದಗಳನ್ನೇ ಅಮಾನತಿನಲ್ಲಿಡುವಂತೆ ಲೀಗನ್ನು ಒತ್ತಾಯಿಸಿದರು. ಸಲಕರಣೆ ತಯಾರಕ ಸಿಸಿಎಂ ಸಂಸ್ಥೆ ತನ್ನ ಪ್ರಚಾರದಿಂದ ಓವೆಚ್ಕಿನ್ ಅವರನ್ನು ಕೈಬಿಟ್ಟಿತು.

ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ಫೆಬ್ರವರಿ 28ರಂದು ರಷ್ಯಾ ಮತ್ತು ಬೆಲಾರಸ್ ತಂಡಗಳನ್ನು ನಿಷೇಧಿಸಿತು. ಅದೇ ದಿನ ಎನ್‌ಎಚ್‌ಎಲ್ ರಷ್ಯಾದ ಪಾಲುದಾರರೊಂದಿಗಿನ ವ್ಯವಹಾರ ಸ್ಥಗಿತಗೊಳಿಸಿದರೂ ಆಟಗಾರರನ್ನು ಮುಟ್ಟಲಿಲ್ಲ. ಆ ವರ್ಷ ವಿಂಬಲ್ಡನ್ ಟೆನಿಸ್ ರಷ್ಯಾದ ಆಟಗಾರರಿಗೆ ವೈಯಕ್ತಿಕ ಪ್ರವೇಶವನ್ನೂ ನಿರಾಕರಿಸಿದ್ದನ್ನು ನೆನೆದರೆ, ಒಂದೇ ಪ್ರಶ್ನೆಗೆ ಕ್ರೀಡಾಲೋಕ ಎಷ್ಟು ಬಗೆಯ ಉತ್ತರ ಕೊಟ್ಟಿತೆಂಬುದು ತಿಳಿಯುತ್ತದೆ.

ಮಾತಿನ ಬೆಲೆ

ಬಾಯಿ ಬಿಡುವುದು ಸುಲಭವೇ ಎಂಬುದನ್ನೂ ಕೇಳಬೇಕು. ನ್ಯೂಯಾರ್ಕ್ ರೇಂಜರ್ಸ್ ತಂಡದಲ್ಲಿದ್ದ ಆರ್ಟೆಮಿ ಪನಾರಿನ್ 2021ರ ಜನವರಿಯಲ್ಲಿ ಪುಟಿನ್ ವಿರೋಧಿ ನಾಯಕ ಅಲೆಕ್ಸಿ ನವಾಲ್ನಿ ಪರ ನಿಂತರು. ಮುಂದಿನ ತಿಂಗಳೇ ರಷ್ಯಾದ ಪತ್ರಿಕೆಯೊಂದರಲ್ಲಿ ಅವರ ಮೇಲೆ ಹಳೆಯ ಆರೋಪವೊಂದು ಪ್ರಕಟವಾಯಿತು. ಪನಾರಿನ್ ಅದನ್ನು ಅಲ್ಲಗಳೆದು ಕೆಲಕಾಲ ಆಟದಿಂದ ದೂರ ಉಳಿದರು. ಇದು ಬೆದರಿಸುವ ತಂತ್ರವೆಂದು ಅವರ ತಂಡವೂ ಹೇಳಿತು. 2022ರ ಜುಲೈನಲ್ಲಿ, ಫಿಲಡೆಲ್ಫಿಯಾ ತಂಡದೊಂದಿಗೆ ಸಹಿ ಹಾಕಿದ್ದ ಗೋಲ್‌ಕೀಪರ್ ಇವಾನ್ ಫೆಡೊಟೊವ್ ಅವರನ್ನು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವಶಕ್ಕೆ ಪಡೆದು ಸೇನಾ ಸೇವೆಗೆ ಕಳುಹಿಸಲಾಯಿತು. ಅವರು ಅಮೆರಿಕ ತಲುಪಿದ್ದು 2024ರಲ್ಲಿ. ರಷ್ಯಾದಲ್ಲಿ ಕುಟುಂಬವಿರುವ ಆಟಗಾರ ಇವನ್ನು ಕಂಡು ತುಟಿ ಹೊಲಿದುಕೊಂಡರೆ ಅದನ್ನು ಹೇಡಿತನವೆಂದು ದೂರದಲ್ಲಿ ಕುಳಿತು ಜರೆಯುವುದು ನ್ಯಾಯವಲ್ಲ.

ಆದರೆ ಓವೆಚ್ಕಿನ್ ವಿಷಯದಲ್ಲಿ ಈ ರಿಯಾಯಿತಿ ಪೂರ್ತಿ ಸಲ್ಲದು. 2022ರ ಮೌನವನ್ನು ಭಯ ವಿವರಿಸಬಲ್ಲದು. 2017ರ ಘೋಷಣೆಯನ್ನು ವಿವರಿಸಲಾರದು. ಮೌನವಾಗಿರಲು ಅವಕಾಶವಿದ್ದ ಕಾಲದಲ್ಲಿ ಮಾತನಾಡಿದವರು, ಮಾತು ಬೇಕಾದ ಕಾಲದಲ್ಲಿ ರಾಜಕೀಯ ತಮ್ಮದಲ್ಲವೆಂದರು. ಟೀಕಾಕಾರರ ನಿಜವಾದ ಆಕ್ಷೇಪ ಇರುವುದು ಇಲ್ಲಿ.

ಆಟ ಮತ್ತು ಅಧಿಕಾರ ಬೇರೆಬೇರೆ ಎಂಬ ವಾದವನ್ನು ಕ್ರೆಮ್ಲಿನ್ ಕೂಡ ನಂಬಿದಂತಿಲ್ಲ. ಓವೆಚ್ಕಿನ್ ದಾಖಲೆಗೆ ಮೂರು ವಾರ ಮೊದಲು, 2025ರ ಮಾರ್ಚ್ 18ರಂದು, ಪುಟಿನ್ ಮತ್ತು ಡೊನಾಲ್ಡ್ ಟ್ರಂಪ್ ದೂರವಾಣಿ ಮಾತುಕತೆಯಲ್ಲಿ ಉಕ್ರೇನ್ ಯುದ್ಧದ ಜೊತೆಗೆ ಉಭಯ ದೇಶಗಳ ಲೀಗ್ ಆಟಗಾರರ ನಡುವೆ ಹಾಕಿ ಪಂದ್ಯ ಏರ್ಪಡಿಸುವ ಪ್ರಸ್ತಾಪವೂ ಬಂತೆಂದು ಕ್ರೆಮ್ಲಿನ್ ಪ್ರಕಟಣೆಯೇ ತಿಳಿಸಿತ್ತು. ಅಧಿಕಾರಸ್ಥರಿಗೆ ಹಾಕಿ ಬರೀ ಆಟವಾಗಿರಲಿಲ್ಲ. ಆಟಗಾರನಿಗೆ ಮಾತ್ರ ಅದು ಹೇಗೆ ಬರೀ ಆಟವಾದೀತು?

2025ರ ನವೆಂಬರ್‌ನಲ್ಲಿ ಓವೆಚ್ಕಿನ್ 900 ಗೋಲುಗಳ ಗಡಿಯನ್ನೂ ದಾಟಿದರು. ಆ ಗೋಲುಗಳನ್ನು ಯಾರೂ ಅಳಿಸಲಾರರು, ಅಳಿಸಲೂಬಾರದು. ಅವು ಅವರ ಬೆವರಿನ ಗಳಿಕೆ. ಆದರೆ ದಾಖಲೆಯ ಪುಸ್ತಕ ಗೋಲುಗಳನ್ನಷ್ಟೇ ಎಣಿಸುತ್ತದೆ. ಯಾರ ಪರವಾಗಿ ಮಾತನಾಡಿದರು, ಯಾವಾಗ ಸುಮ್ಮನಾದರು ಎಂಬ ಇನ್ನೊಂದು ಲೆಕ್ಕವನ್ನು ಇಡುವವರು ಬೇರೆ. ಆ ಪುಸ್ತಕದ ಪುಟ ಇನ್ನೂ ಮಗುಚಿಲ್ಲ.