ಹಂಚುವವರು ಮುನ್ನುಗ್ಗಿದಾಗ

ಬ್ಯಾಸ್ಕೆಟ್‌ಬಾಲ್‌ನ ಪಾಯಿಂಟ್ ಗಾರ್ಡ್ ಯಕ್ಷಗಾನದ ಭಾಗವತರಿದ್ದಂತೆ. ತಾನು ಕುಣಿಯುವುದಕ್ಕಿಂತ ಉಳಿದವರನ್ನು ಕುಣಿಸುವುದೇ ಮುಖ್ಯ ಕೆಲಸ. ಅಂಥ ಆಟಗಾರ ತಾನೇ ಬುಟ್ಟಿಯತ್ತ ನುಗ್ಗತೊಡಗಿದರೆ ತಂಡಕ್ಕೆ ಒಳಿತೋ, ಕೆಡುಕೋ?

2005ರ ಮೇ ತಿಂಗಳಲ್ಲಿ, ಅಮೆರಿಕದ ಎನ್‌ಬಿಎ ಪ್ಲೇಆಫ್ ಹಣಾಹಣಿಯಲ್ಲಿ, ಫೀನಿಕ್ಸ್ ಸನ್ಸ್ ತಂಡದ ಸ್ಟೀವ್ ನ್ಯಾಶ್ ಈ ಪ್ರಶ್ನೆಯನ್ನು ಎದುರಿಸಿದರು. ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 11.5 ಅಸಿಸ್ಟ್ ನೀಡಿ ಲೀಗಿನ ಅತ್ಯಮೂಲ್ಯ ಆಟಗಾರರೆನಿಸಿದ್ದವರು ಅವರು. ಎದುರಾಳಿ ಡಲ್ಲಾಸ್ ಮ್ಯಾವರಿಕ್ಸ್. ಆರು ಋತುಗಳ ಕಾಲ ಆಡಿಸಿ, ಹಿಂದಿನ ವರ್ಷವಷ್ಟೇ ಅವರನ್ನು ಬಿಟ್ಟುಕೊಟ್ಟಿದ್ದ ತಂಡ.

ನ್ಯಾಶರನ್ನು ಬಲ್ಲ ಡಲ್ಲಾಸ್, ನಾಲ್ಕನೆಯ ಪಂದ್ಯದಲ್ಲಿ ಅವರನ್ನು ತಡೆಯುವ ಬದಲು ಅವರ ಸಂಗಡಿಗರನ್ನು ಕಟ್ಟಿಹಾಕಿತು. ಸನ್ಸ್‌ನ ಜೋ ಜಾನ್ಸನ್ ಗಾಯಗೊಂಡು ಹೊರಗಿದ್ದರು. ನ್ಯಾಶ್ 48 ಅಂಕ ಗಳಿಸಿದರು. ಆದರೆ ಅಸಿಸ್ಟ್ ಕೇವಲ 5. ಸನ್ಸ್ 109–119ರಿಂದ ಸೋತಿತು, ಸರಣಿ 2–2ಕ್ಕೆ ಬಂತು. ಎದುರಾಳಿಗೆ ಬೇಕಾಗಿದ್ದುದೂ ಆ 48 ಅಂಕಗಳೇ!

ಹಾಗೆಂದು ನ್ಯಾಶ್ ಹಿಂದೆ ಸರಿಯಲಿಲ್ಲ. ಐದನೆಯ ಪಂದ್ಯದಲ್ಲಿ 34 ಅಂಕ, 12 ಅಸಿಸ್ಟ್, 13 ರೀಬೌಂಡ್. ನುಗ್ಗುವಿಕೆ ಉಳಿಯಿತು, ಹಂಚಿಕೆ ಮರಳಿತು. ನುಗ್ಗಿದವರನ್ನು ತಡೆಯಲು ಇಬ್ಬರು ಧಾವಿಸಿದರೆ ಮೂರನೆಯವನಿಗೆ ದಾರಿ ತೆರೆಯುತ್ತದೆಯಲ್ಲವೇ? ಆರನೆಯ ಪಂದ್ಯ ಡಲ್ಲಾಸ್‌ನ ಅಂಗಳದಲ್ಲೇ. ಕೊನೆಯ ಕ್ಷಣಗಳಲ್ಲಿ ಮೂರು ಅಂಕದ ಎಸೆತದಿಂದ ಆಟವನ್ನು ಹೆಚ್ಚುವರಿ ಅವಧಿಗೆ ಒಯ್ದವರು ನ್ಯಾಶ್. 39 ಅಂಕ, 12 ಅಸಿಸ್ಟ್, 130–126ರ ಜಯ. ತಮ್ಮನ್ನು ಬೇಡವೆಂದಿದ್ದ ತಂಡವನ್ನು ಅವರು ಅಂದು ಅದರ ತವರಿನಲ್ಲೇ ಹೊರದೂಡಿದರು.