ಕಂಪ್ಯೂಟರ್ ಸೈನ್ಸ್ ಸೇರುವ ಮುನ್ನ

ಸಿಇಟಿ ಫಲಿತಾಂಶ ಬಂದು ಆಪ್ಷನ್ ಎಂಟ್ರಿ ಶುರುವಾದರೆ ಕಾರವಾರ, ಅಂಕೋಲೆಯ ಮನೆಗಳಲ್ಲೂ ಅದೇ ಲೆಕ್ಕಾಚಾರ: ಮೊದಲು ಕಂಪ್ಯೂಟರ್ ಸೈನ್ಸ್, ಸಿಗದಿದ್ದರೆ ಎಐ-ಎಂಎಲ್, ಆಮೇಲೆ ಡೇಟಾ ಸೈನ್ಸ್; ಕಾಲೇಜು ಆದಷ್ಟೂ ಬೆಂಗಳೂರಿನದೇ ಇರಲಿ. ಕಾರವಾರದ ಪಕ್ಕದ ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ಕಂಪ್ಯೂಟರ್ ಸೈನ್ಸ್ ಉಂಟು ಎಂಬುದು ಎಷ್ಟೋ ಸಲ ಕೊನೆಗೆ ನೆನಪಾಗುತ್ತದೆ.

ಹೆತ್ತವರ ಲೆಕ್ಕ ತಪ್ಪಲ್ಲ. ಸಾಫ್ಟ್‌ವೇರ್ ಕೆಲಸಗಳು ಹೆಚ್ಚಿರುವುದು ಬೆಂಗಳೂರಿನಲ್ಲೇ. ಸಾಲ ಮಾಡಿ ಓದಿಸುವವರು ಪ್ಯಾಕೇಜಿನ ಬಗ್ಗೆ ಕೇಳದೆ ಇರಲಾರರು. ಆದರೆ ಬ್ರಾಂಚಿನ ಹೆಸರಿಗಾಗಿ ತಲೆ ಕೆಡಿಸಿಕೊಂಡವರು, ಕಲಿತದ್ದನ್ನು ಯಾವ ಸಮಸ್ಯೆಗೆ ಹಚ್ಚುವುದು ಎಂದು ಯೋಚಿಸುವುದು ಕಡಿಮೆ. ವಿದ್ಯಾರ್ಥಿಯ ಮುಂದಿನ ಮೂವತ್ತು ವರ್ಷ ನಿಂತಿರುವುದು ಆ ಎರಡನೆಯ ಪ್ರಶ್ನೆಯ ಮೇಲೆ.

ಅಂಥದೊಂದು ಸಮಸ್ಯೆ ಇಲ್ಲೇ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಅಲ್ಲಿದ್ದ ಜನ, ನಿಂತಿದ್ದ ವಾಹನಗಳು ಮಣ್ಣಿನ ಪಾಲಾದವು, ಗಂಗಾವಳಿ ನದಿಯ ಪಾಲಾದವು. ಆಮೇಲೆ ರೇಡಾರ್ ಬಂತು, ಸೋನಾರ್ ಬಂತು, ಡ್ರೋನ್ ಬಂತು. ಕೇರಳದ ಚಾಲಕನೊಬ್ಬನ ಲಾರಿಯನ್ನು ನದಿಯಿಂದ ಮೇಲೆತ್ತುವಷ್ಟರಲ್ಲಿ ಸೆಪ್ಟೆಂಬರ್ 25 ಆಗಿತ್ತು. ಹುಡುಕುವ ಯಂತ್ರಗಳು ಬೇಕೇ ಬೇಕು. ಅದಕ್ಕೂ ಮೊದಲು ಬೇಕಾದದ್ದು ಎಚ್ಚರಿಸುವ ವ್ಯವಸ್ಥೆ, ಮತ್ತು ಅದರಲ್ಲಿ ದೊಡ್ಡ ಪಾಲು ಕಂಪ್ಯೂಟರಿನ ಕೆಲಸ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಆಷಾಢದ ಒಂದು ರಾತ್ರಿ, ಘಟ್ಟದ ತಪ್ಪಲಲ್ಲಿ ಮಳೆ ಹೊಡೆಯುತ್ತಿದೆ, ಕರೆಂಟು ಹೋಗಿದೆ, ಮೊಬೈಲ್ ಟವರ್ ಸತ್ತಿದೆ ಎಂದಿಟ್ಟುಕೊಳ್ಳೋಣ. ಮಳೆಮಾಪಕದಿಂದ ಅಂಕಿಯೇ ಬರಲಿಲ್ಲ. ಪ್ರೋಗ್ರಾಂ ಬರೆದವನು ಆ ಖಾಲಿ ಜಾಗದಲ್ಲಿ ಸೊನ್ನೆ ತುಂಬಿದನೋ, ಎಲ್ಲಕ್ಕಿಂತ ಜೋರಾಗಿ ಸುರಿಯುತ್ತಿರುವ ಕಡೆಯೇ ಪರದೆಯ ಮೇಲೆ 'ಮಳೆ ಇಲ್ಲ' ಎಂದು ಕಾಣುತ್ತದೆ. ಸೊನ್ನೆ ಬೇರೆ, ಖಾಲಿ ಬೇರೆ ಎಂಬುದು ಡೇಟಾಬೇಸ್ ಪಾಠದ ಆರಂಭದಲ್ಲೇ ಬರುವ ಸಂಗತಿ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಇಲ್ಲಿ ಅದೇ ಜೀವದ ಪ್ರಶ್ನೆ.

ಆದ್ದರಿಂದ ಹೊಸದಾಗಿ ಸೇರುವವರಿಗೆ ಹೇಳಬೇಕಾದದ್ದು: ಯಾವ ಪ್ರೋಗ್ರಾಮಿಂಗ್ ಭಾಷೆ ಎಂಬ ಚಿಂತೆ ಬೇಡ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್, ಸಂಭವನೀಯತೆಯ ಗಣಿತ ಗಟ್ಟಿಯಾದರೆ ಭಾಷೆ ಬದಲಾದರೂ ಕೈ ಕಟ್ಟುವುದಿಲ್ಲ. ಈಗ ಎಐ ಸಾಧನಗಳು ಕೋಡ್ ಬರೆದುಕೊಡುತ್ತವೆ, ನಿಜ. ಹಾಗೆ ಬಂದ ಕೋಡಿನಲ್ಲಿ ಸೊನ್ನೆ ಎಲ್ಲಿ ಸೇರಿಕೊಂಡಿದೆ ಎಂದು ಹುಡುಕಬಲ್ಲವನಿಗೆ ಮಾತ್ರ ಅವು ಉಪಕಾರಿ. ಜೊತೆಗೆ ಇನ್ನೊಂದು ವಿಷಯ ಗೊತ್ತಿರಬೇಕು. ಗುಡ್ಡ ಎಷ್ಟು ನೀರು ಕುಡಿದರೆ ಜಾರುತ್ತದೆ ಎಂಬುದು ಭೂವಿಜ್ಞಾನದ್ದು, ಬುಡ ಕಡಿದ ಇಳಿಜಾರು ಹೇಗೆ ನಿಲ್ಲುತ್ತದೆ ಎಂಬುದು ಸಿವಿಲ್ ವಿಭಾಗದ್ದು. ಅವರ ಕ್ಲಾಸಿನ ಬಾಗಿಲಲ್ಲಿ ನಿಂತು ಕೇಳಲು ನಾಚಬೇಕಿಲ್ಲ.

ಎಲ್ಲರೂ ಕಂಪ್ಯೂಟರ್ ಸೈನ್ಸನ್ನೇ ಹಿಡಿಯಬೇಕೆಂದೂ ಇಲ್ಲ. ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲನೆಯದು 2018ರಲ್ಲಿ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಬರೆಯಿತು. ಅದನ್ನು ನಡೆಸುವವರಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದಿದವರಿದ್ದಾರೆ.

ಕಂಪ್ಯೂಟರನ್ನೇ ಆರಿಸಿಕೊಂಡವರು ಮೊದಲ ವರ್ಷದ ರಜೆಯಲ್ಲಿ ಕಾರವಾರದ ಬೈತಖೋಲ ಬಂದರಿಗೆ ಒಮ್ಮೆ ಹೋಗಿಬರಲಿ. ಸಮುದ್ರದ ಬಣ್ಣ ಮತ್ತು ಮೇಲ್ಮೈ ಉಷ್ಣತೆಯ ಉಪಗ್ರಹ ಮಾಹಿತಿಯಿಂದ ಮೀನು ಎಲ್ಲಿ ಸಿಗಬಹುದೆಂದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಸೂಚನೆ ಕೊಡುತ್ತದೆ: ದಿಕ್ಕು, ದೂರ, ಆಳ. ಆ ಸೂಚನೆ ಬೋಟಿನವರಿಗೆ ಮುಟ್ಟಿದೆಯೇ, ಮುಟ್ಟಿದ್ದರೆ ಎಷ್ಟು ಹೊತ್ತಿಗೆ, ಅದನ್ನು ನಂಬಿ ಅವರು ಡೀಸೆಲ್ ಸುಡುತ್ತಾರೋ ಇಲ್ಲವೋ ಎಂದು ಬೋಟು ನಡೆಸುವ ತಾಂಡೇಲರನ್ನೇ ಕೇಳಿ ಬರೆದುಕೊಂಡರೆ, ಮೂರನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಅಲ್ಲೇ ಸಿಕ್ಕೀತು.