ಬಿಯರಿನ ಕಹಿಯೂ ಬೈಲಹೊಂಗಲದ ಜೋಳವೂ

ಮೆಲ್ಬರ್ನ್‌ನಲ್ಲಿರುವ ಮಗನ ಅಡುಗೆಮನೆಯಲ್ಲಿ ಒಂದು ತಗಡಿನ ಡಬ್ಬಿಯನ್ನು ಕಂಡೆ. 1.7 ಕಿಲೋ ತೂಕದ ಆ ಡಬ್ಬಿಯಲ್ಲಿದ್ದುದು ಹಾಪ್ಸ್ ಹೂವಿನ ಕಹಿಯನ್ನು ಮೊದಲೇ ಕೂಡಿಸಿದ ಬಾರ್ಲಿ ಮಾಲ್ಟ್‌ನ ಗಟ್ಟಿ ಪಾಕ. ನೋಡಲು ನಮ್ಮ ಗಾಣದಮನೆಯ ಕಾಕವಿಯಂತೆಯೇ ಇತ್ತು. ಅದಕ್ಕೆ ಒಂದು ಕಿಲೋ ಸಕ್ಕರೆ, ನೀರು ಮತ್ತು ಯೀಸ್ಟ್ ಸೇರಿಸಿ ಮುಚ್ಚಿಟ್ಟರೆ 23 ಲೀಟರ್ ಬಿಯರ್ ಸಿದ್ಧವಾಗುತ್ತದೆ. ಅಲ್ಲಿ ಇದು ಕಾನೂನುಬದ್ಧ ಹವ್ಯಾಸ. ಬ್ರಿಟನ್ 1963ರಲ್ಲಿಯೇ ಇದಕ್ಕಿದ್ದ ಲೈಸೆನ್ಸನ್ನು ತೆಗೆದುಹಾಕಿತು. ಅಮೆರಿಕದಲ್ಲಿ 1978ರ ಕಾಯ್ದೆಯು ಮನೆಬಳಕೆಯ ಬಿಯರನ್ನು ಸುಂಕದಿಂದ ಮುಕ್ತಗೊಳಿಸಿತು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಇದನ್ನು ಮಾಡುವುದು ಅಪರಾಧ. ಅದನ್ನು ಬದಲಿಸಬೇಕೆಂಬ ವಾದವನ್ನು ನಾನಿಲ್ಲಿ ಹೂಡುತ್ತಿಲ್ಲ. ನನ್ನ ಗಮನ ಸೆಳೆದದ್ದು ಆ ಡಬ್ಬಿ ಕಲಿಸಿದ ಒಂದು ಸಣ್ಣ ಲೆಕ್ಕ.

ಡಬ್ಬಿಯ ಮೇಲಿನ ಸೂಚನೆಯಂತೆ ಸಕ್ಕರೆ ಹಾಕಿದರೆ ಯೀಸ್ಟ್ ಅದನ್ನು ಪೂರ್ತಿಯಾಗಿ ತಿಂದು ಮದ್ಯಸಾರ ಮಾಡುತ್ತದೆ. ಪಾನೀಯಕ್ಕೆ ಅಮಲು ಬರುತ್ತದೆ, ಆದರೆ ಮೈ ಬರುವುದಿಲ್ಲ; ಬಾಯಲ್ಲಿ ನೀರುನೀರಾಗಿ ಉಳಿಯುತ್ತದೆ. ರುಚಿ ಬಲ್ಲವರು ಸಕ್ಕರೆಯ ಬದಲು ಅಷ್ಟೇ ತೂಕದ ಮಾಲ್ಟ್ ಪುಡಿ ಹಾಕುತ್ತಾರೆ. ಮಾಲ್ಟ್‌ನ ಸುಮಾರು ಕಾಲು ಭಾಗ ಹುದುಗದೆ ಉಳಿದು ಬಿಯರಿಗೆ ಧಾನ್ಯದ ಸಿಹಿಯನ್ನೂ ಮೈಯನ್ನೂ ಕೊಡುತ್ತದೆ. ತೊಡಕು ಇಲ್ಲಿಯೇ ಹುಟ್ಟುತ್ತದೆ. ಸಿಹಿ ಹೆಚ್ಚಿತು, ಡಬ್ಬಿಯಲ್ಲಿದ್ದ ಕಹಿ ಮಾತ್ರ ಅಷ್ಟೇ ಉಳಿಯಿತು, ತಕ್ಕಡಿ ವಾಲಿತು. ಅದನ್ನು ಸರಿದೂಗಿಸಲು ಬೇರೆ ಹಾಪ್ಸನ್ನು ಕುದಿಸಿ ಕೂಡಿಸಬೇಕು. ಶೇ 6ರಷ್ಟು ಕಹಿ ಆಮ್ಲವಿರುವ 15 ಗ್ರಾಂ ಹಾಪ್ಸ್‌ನಲ್ಲಿ 900 ಮಿಲಿಗ್ರಾಂ ಆಮ್ಲವಿರುತ್ತದೆ. ಒಂದು ಗಂಟೆ ಕುದಿಸಿದರೆ ಅದರ ಕಾಲು ಭಾಗ, ಅಂದರೆ 225 ಮಿಲಿಗ್ರಾಂ, ಬಿಯರಿಗೆ ಇಳಿಯುತ್ತದೆಂದು ಹಿಡಿಯೋಣ. 23 ಲೀಟರಿಗೆ ಹಂಚಿದರೆ ಲೀಟರಿಗೆ ಸುಮಾರು 10 ಮಿಲಿಗ್ರಾಂ. ಕಹಿಯ ಅಂತರರಾಷ್ಟ್ರೀಯ ಮಾನದಲ್ಲಿ ಇದೇ 10 ಅಂಕ. ಕಹಿಯನ್ನು ಹೀಗೆ ಕೂಡಿಸಬಹುದೇ ಹೊರತು ಕಳೆಯಲಾಗದು. ಡಬ್ಬಿ ವಿಪರೀತ ಕಹಿಯಾಗಿದ್ದರೆ ಹಾಪ್ಸ್ ಇಲ್ಲದ ಮಾಲ್ಟನ್ನೋ ನೀರನ್ನೋ ಬೆರೆಸುವುದೊಂದೇ ದಾರಿ.

ಅಂದರೆ ಅಲ್ಲಿನ ಹವ್ಯಾಸಿಗೆ ತನ್ನ ಲೋಟದಲ್ಲಿ ಮಾಲ್ಟ್ ಎಷ್ಟು, ಸಕ್ಕರೆ ಎಷ್ಟು, ಕಹಿ ಎಷ್ಟು ಎಂಬುದು ಗೊತ್ತು. ಬೈಲಹೊಂಗಲದ ಅಥವಾ ರಾಮದುರ್ಗದ ಅಂಗಡಿಯಲ್ಲಿ ಬಾಟಲಿ ಕೊಳ್ಳುವವನಿಗೆ ಗೊತ್ತಿರುವುದು ಒಂದೇ ಅಂಕಿ, ಮದ್ಯಸಾರದ ಶೇಕಡಾವಾರು. 2018ರ ಆಹಾರ ಸುರಕ್ಷತಾ ನಿಯಮಗಳಂತೆ ಶೇ 5ನ್ನು ಮೀರಿ 8ರವರೆಗಿನದು ‘ಸ್ಟ್ರಾಂಗ್’. ನಮ್ಮ ದೇಶದಲ್ಲಿ ಬಹುಪಾಲು ಮಾರಾಟವಾಗುವ ಬಿಯರ್ ಅದೇ. ಕೊಳ್ಳುವವನಿಗೆ ಕಾಣುವುದು ಆ ಒಂದು ಅಂಕಿ ಮಾತ್ರವಾದಾಗ ತಯಾರಕನ ಪೈಪೋಟಿಯೂ ಅದರ ಸುತ್ತಲೇ ನಡೆಯುತ್ತದೆ. ಅದನ್ನು ಏರಿಸಲು ಸಕ್ಕರೆ ಸುಲಭದ ದಾರಿ. ಮೈ ತೆಳುವಾದ ಬಿಯರಿನಲ್ಲಿ ಹೆಚ್ಚು ಕಹಿ ನಿಲ್ಲುವುದಿಲ್ಲವಾದ್ದರಿಂದ ಹಾಪ್ಸೂ ಕಡಿಮೆಯಾದೀತು. ಗುಣಮಟ್ಟ ಕೊಳ್ಳುವವನ ಕಣ್ಣಿಗೆ ಬೀಳದ ಮಾರುಕಟ್ಟೆಯಲ್ಲಿ ಕಳಪೆ ಸರಕು ಒಳ್ಳೆಯ ಸರಕನ್ನು ಹೊರದೂಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ತೋರಿಸಿಕೊಟ್ಟರು. ಅವರ ಉದಾಹರಣೆ ಹಳೆಯ ಕಾರುಗಳದ್ದಾಗಿತ್ತು. ಬಿಯರಿಗೂ ಅದು ಸಲ್ಲುತ್ತದೆ.

ಈ ದೃಷ್ಟಿಯಿಂದ ರಾಜ್ಯ ಸರ್ಕಾರ 2024ರಲ್ಲಿ ಹೊರಡಿಸಿದ ಕರಡು ನಿಯಮ ಸ್ವಾಗತಾರ್ಹವಾಗಿತ್ತು. ಬಿಯರಿಗೆ ಸೇರಿಸುವ ಸಕ್ಕರೆಗೆ ಶೇ 25ರ ಮಿತಿಯನ್ನೂ, ಮಾಲ್ಟ್ ಮತ್ತು ಸಕ್ಕರೆಯ ಪ್ರಮಾಣವನ್ನು ಲೇಬಲ್ ಮೇಲೆ ನಮೂದಿಸುವ ವಿಚಾರವನ್ನೂ ಅದು ಮುಂದಿಟ್ಟಿತು. ಉದ್ಯಮಕ್ಕೆ ಇದು ಕಿರಿಕಿರಿಯೆನಿಸಬಹುದು. ಆದರೆ ಬಿಸ್ಕತ್ತಿನ ಪೊಟ್ಟಣದ ಮೇಲೆ ಇರುವಷ್ಟು ವಿವರವನ್ನು ಬಿಯರ್ ಬಾಟಲಿಯಿಂದ ಕೇಳುವುದು ಅತಿರೇಕವೇನಲ್ಲ.

ಮದ್ಯದ ಗುಣಮಟ್ಟದ ಚರ್ಚೆಯೇ ತಪ್ಪು, ಸಂವಿಧಾನದ 47ನೇ ವಿಧಿ ಪಾನನಿಷೇಧದತ್ತ ಬೆರಳು ತೋರುತ್ತದೆ ಎನ್ನುವವರಿದ್ದಾರೆ. ಅವರ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಸೇವೆಯಲ್ಲಿದ್ದಾಗ ಸಾಕಷ್ಟು ಕಂಡಿದ್ದೇನೆ. ಆದರೆ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದ ಮೇಲೆ ಕುಡಿತ ನಿಲ್ಲಲಿಲ್ಲ. ಅಗ್ಗದ ವಿಸ್ಕಿ, ರಮ್ಮುಗಳು ಆ ಜಾಗಕ್ಕೆ ಬಂದವು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಹಾಗೂ ಗಡಿಯಾಚೆಯ ತಮಿಳುನಾಡಿನಲ್ಲಿ ಕಳ್ಳಭಟ್ಟಿ ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ಮಾರಾಟಕ್ಕೆ ಪರವಾನಗಿ ಕೊಟ್ಟು ಬೊಕ್ಕಸ ತುಂಬಿಕೊಳ್ಳುವ ಸರ್ಕಾರಕ್ಕೆ ಬಾಟಲಿಯೊಳಗೇನಿದೆಯೆಂದು ಹೇಳಿಸುವ ಹೊಣೆಯೂ ಇದೆ.

ಇನ್ನು ಜೋಳದ ಮಾತು. ಸವದತ್ತಿ, ರಾಮದುರ್ಗ, ಬೈಲಹೊಂಗಲಗಳ ಎರೆಭೂಮಿ ಜೋಳದ ನೆಲ. ಮಲಪ್ರಭೆಯ ನೀರು ತಲುಪಿದಲ್ಲಿ ಕಬ್ಬು ಬಂತು, ಉಳಿದೆಡೆ ಗೋವಿನಜೋಳ, ಸೋಯಾ. ಕಿತ್ತೂರಿಗೆ ಹತ್ತಿರದ ಎಂ.ಕೆ. ಹುಬ್ಬಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಯೇ ಇದೆ. ಬಿಯರಿನಲ್ಲಿ ಸಕ್ಕರೆಗೆ ಮಿತಿ ಬಿದ್ದು ಮಾಲ್ಟ್‌ಗೆ ಬೇಡಿಕೆ ಹೆಚ್ಚಿದರೆ ಅದೆಲ್ಲವೂ ರಾಜಸ್ಥಾನ, ಹರಿಯಾಣಗಳ ಬಾರ್ಲಿಗೇ ಏಕೆ ಹೋಗಬೇಕು? ನೈಜೀರಿಯ 1988ರಲ್ಲಿ ಬಾರ್ಲಿ ಮಾಲ್ಟ್‌ನ ಆಮದನ್ನು ನಿಷೇಧಿಸಿದಾಗ ಅಲ್ಲಿನ ಬ್ರೂವರಿಗಳು ಜೋಳಕ್ಕೆ ಹೊರಳಿದವು. ನಿಷೇಧ ಮುಂದೆ ತೆರವಾಯಿತು, ಜೋಳದ ಬಳಕೆ ಉಳಿಯಿತು.

ರೊಟ್ಟಿಯ ಜೋಳಕ್ಕೆ ಕೈಹಾಕಬೇಕೆಂದು ಯಾರೂ ಹೇಳಲಾರರು. ಹಿಂಗಾರಿಯ ಬಿಳಿಜೋಳ ಊಟದ ತಾಟಿಗೇ ಮೀಸಲಿರಲಿ. ಕೋಳಿಯ ಮೇವಿಗೆ ಹೋಗುವ ಮುಂಗಾರಿನ ಹೈಬ್ರಿಡ್ ಜೋಳವಿದೆಯಲ್ಲ, ಮಳೆಗೆ ಸಿಕ್ಕು ಬೂಸ್ಟು ಹಿಡಿಯದ ಕಾಳಾದರೆ, ಮೊಳಕೆ ಬರಿಸಲು ಅದು ಸಾಕು. ಕಷ್ಟಗಳೂ ಇವೆ. ಜೋಳಕ್ಕೆ ಬಾರ್ಲಿಯಂಥ ಹೊಟ್ಟಿಲ್ಲ, ಸೋಸುವುದು ತ್ರಾಸ. ಅದರ ಪಿಷ್ಟ ಕರಗಲು ಹೆಚ್ಚಿನ ಶಾಖ ಬೇಕು. ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳಲ್ಲಿ ಒಂದು ಅದರಲ್ಲಿ ಬಲು ಕಡಿಮೆ. ಎಳೆ ಜೋಳ ಮೇಯ್ದ ದನ ಸಾಯುವುದನ್ನು ನಮ್ಮ ರೈತರು ಬಲ್ಲರು. ಅದೇ ಸಯನೈಡು ಮೊಳಕೆಯಲ್ಲಿಯೂ ಇರುವುದರಿಂದ ಬೇರು, ಚಿಗುರುಗಳನ್ನು ಉದುರಿಸಿಯೇ ಮಾಲ್ಟ್ ಮಾಡಬೇಕು. ಆಫ್ರಿಕ ಈ ಕೆಲಸವನ್ನು ದಶಕಗಳಿಂದ ಮಾಡುತ್ತಿದೆ. ಹಾಪ್ಸ್ ಮಾತ್ರ ನಮ್ಮಲ್ಲಿ ಬೆಳೆಯದು. ದೀರ್ಘ ಹಗಲು ಬೇಡುವ ಆ ಬಳ್ಳಿಗೆ ಹಿಮಾಚಲದ ಲಾಹೌಲ್ ಕಣಿವೆ ಒಗ್ಗಿದೆ. ಹದಿನೈದು ಗ್ರಾಂ ಲೆಕ್ಕದ ಕಹಿಯನ್ನು ಹೊರಗಿನಿಂದ ತರಿಸಿದರೂ ಕಿಲೋ ಲೆಕ್ಕದ ಧಾನ್ಯ ಇಲ್ಲಿಯದೇ ಆಗಬಹುದು.

ಅಬಕಾರಿ ನಿಯಮಗಳಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಲೇಬಲ್ ಮೇಲೆ ಮಾಲ್ಟ್ ಮತ್ತು ಸಕ್ಕರೆಯ ಜೊತೆಗೆ ಕಹಿಯ ಅಂಕವೂ ಕನ್ನಡದಲ್ಲಿ ಇರಲಿ. ಬ್ರೂವರಿಗಳ ಪ್ರಯೋಗಾಲಯಗಳಿಗೆ ಅದನ್ನು ಅಳೆಯುವುದು ನಿತ್ಯದ ಕೆಲಸ. ಮಾಲ್ಟ್ ಎಂಬ ಪದದ ವ್ಯಾಖ್ಯೆಯಲ್ಲಿ ಬಾರ್ಲಿಯ ಪಕ್ಕದಲ್ಲಿ ಜೋಳ, ರಾಗಿಗಳ ಹೆಸರೂ ಸ್ಪಷ್ಟವಾಗಿ ಸೇರಲಿ. ಬೈಲಹೊಂಗಲದ ಎಪಿಎಂಸಿಯಲ್ಲಿ ಮೊಳಕೆ ಪರೀಕ್ಷೆ ಮಾಡಿ ಕಾಳನ್ನು ಬೇರೆ ದರ್ಜೆಯಾಗಿ ಮಾರುವ ವ್ಯವಸ್ಥೆಯಾದರೆ ಮಾಲ್ಟ್ ಮಾಡುವವರು ಅಲ್ಲಿಗೇ ಬಂದಾರು.